ಹೆಸರು ಕೇಳದೆ ಉಂಡ ಅಂಬಲಿ



ಈ ಅಂಕಣದಲ್ಲಿ ನಾವು ಬಹುಮಟ್ಟಿಗೆ ಶಾಸ್ತ್ರವಿಷಯಗಳನ್ನೇ ಪ್ರಸ್ತಾಪಿಸುತ್ತ ಬಂದವರು. ಈ ಸಲ ಊಟದ ಮಾತು, ತಿರುಗಾಟದ ಮಾತು. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದಾಗಿರುವುದರಿಂದ ವಿಷಯಾಂತರವಾಯಿತೆಂದು ಓದುಗರು ಭಾವಿಸಲಾರರೆಂದು ನಂಬಿದ್ದೇವೆ.

2025ರ ಜೂನ್ ತಿಂಗಳಲ್ಲಿ ನಮ್ಮ ತಂಗಿಯ ಮಗ ರಜೆಯ ಮೇಲೆ ಊರಿಗೆ ಬಂದನು. ಅವನು 2019ರಿಂದ ಫಿಲಿಪೈನ್ಸ್ ದೇಶದ ಮನಿಲಾ ನಗರದಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿರುವವನು. ಏಳು ಸಾವಿರಕ್ಕೂ ಮಿಕ್ಕಿದ ದ್ವೀಪಗಳ ನಾಡು ಅದು. ರಜೆ ಸಿಕ್ಕಾಗಲೆಲ್ಲ ಹಡಗು ಹತ್ತಿ ದ್ವೀಪದಿಂದ ದ್ವೀಪಕ್ಕೆ ಅಲೆಯುವುದು, ಅಲ್ಲಲ್ಲಿಯ ತಿಂಡಿ ತಿನಿಸುಗಳನ್ನು ನೋಡುವುದು ಅವನ ಹವ್ಯಾಸ. ರಾತ್ರಿ ಊಟವಾದ ಮೇಲೆ ಅವನು ಕಥೆ ಹೇಳತೊಡಗಿದರೆ ಮನೆಮಂದಿಯೆಲ್ಲ ಸುತ್ತ ಕೂಡುತ್ತಿದ್ದರು. ಅಲ್ಲಿಯ ‘ಪೂತೋ’ ಎಂಬುದು ಅಕ್ಕಿಹಿಟ್ಟನ್ನು ಹಬೆಯಲ್ಲಿ ಬೇಯಿಸಿದ ತಿಂಡಿಯಂತೆ, ನಮ್ಮ ಇಡ್ಲಿಯ ದಾಯಾದಿ. ‘ಬಿಬಿಂಕಾ’ ಎಂಬ ರೊಟ್ಟಿಯನ್ನು ಬಾಳೆಲೆಯ ಮೇಲೆ ಹೊಯ್ದು, ಕೆಳಗೂ ಕೆಂಡ ಮೇಲೂ ಕೆಂಡವಿಟ್ಟು ಬೇಯಿಸುವರಂತೆ. ಎಳೆಯ ಪರಂಗಿಕಾಯಿಯ ಉಪ್ಪಿನಕಾಯಿಗೆ ಅವರ ಹೆಸರು ‘ಅಚಾರಾ’! ನಮ್ಮ ದೇಶದ ‘ಅಚಾರ್’ ಎಂಬ ಮಾತೇ ಕಡಲು ದಾಟಿ ಅಲ್ಲಿ ಮನೆ ಮಾಡಿಕೊಂಡಿದೆ. ನುಗ್ಗೆಸೊಪ್ಪನ್ನು ಅವರು ‘ಮಲುಂಗ್ಗಾಯ್’ ಎಂದು ಕರೆದು ನಮ್ಮ ಹಳ್ಳಿಗರಂತೆಯೇ ಆದರದಿಂದ ಉಣ್ಣುವರು. ಹುಣಸೆಯ ಹುಳಿ ಹಿಂಡಿದ ‘ಸಿನಿಗಾಂಗ್’ ಎಂಬ ಸಾರಂತೂ ಅಲ್ಲಿ ಮನೆಮನೆಯಲ್ಲಿ ಉಂಟು.

“ಆ ಸಾರಿನೊಳಗೆ ಏನು ಹಾಕುತ್ತಾರೋ?” ಎಂದು ನಮ್ಮ ತಂಗಿ ಕೇಳಿದಳು. ಅಳಿಯನು ಉತ್ತರ ಕೊಡದೆ ನೀರು ಕುಡಿಯಲು ಎದ್ದುಹೋದನು. ಆಗ ನಾವು ಅದನ್ನು ಅಷ್ಟಾಗಿ ಗಮನಿಸಲಿಲ್ಲ.

ಮರುದಿನ ಅವನು ನಗುತ್ತ, “ಮಾವ, ನಾನು ಅಷ್ಟು ದ್ವೀಪ ಸುತ್ತಿದೆ. ನಿಮ್ಮ ಕೋಲಾರದ ಸೀಮೆಯಲ್ಲಿ ಏನಿದೆ ತೋರಿಸಿ” ಎಂದನು. ವರ್ಷವಿಡೀ ಹರಿಯುವ ಹೊಳೆಯಿಲ್ಲದ, ಕಡಲಿಲ್ಲದ, 2001ರಲ್ಲಿ ಗಣಿ ಮುಚ್ಚಿದ ಮೇಲೆ ಚಿನ್ನವೂ ಇಲ್ಲದ ಸೀಮೆಯಿದು. ಆದರೂ ಸವಾಲನ್ನು ಒಪ್ಪಿಕೊಂಡು ಮೂರು ದಿನದ ಪ್ರಯಾಣಕ್ಕೆ ಹೊರಟೆವು.

ಮಾಲೂರಿಗೆ ರೈಲಿನಲ್ಲಿ ಹೋದೆವು. ಹೆಂಚು, ಇಟ್ಟಿಗೆಗಳಿಗೆ ಹೆಸರಾದ ಊರು. ಕಥೆಗಾರ ಮಾಸ್ತಿಯವರು ಇದೇ ತಾಲ್ಲೂಕಿನವರು. ನಮ್ಮ ಹಾಲೇರಿ ಅರಸುಮನೆತನದ ಕೊನೆಯ ದೊರೆಯನ್ನು ಕುರಿತ ಅವರ ‘ಚಿಕವೀರ ರಾಜೇಂದ್ರ’ಕ್ಕೆ 1983ರ ಜ್ಞಾನಪೀಠ ಪುರಸ್ಕಾರ ದೊರೆತುದನ್ನು ಅಳಿಯನಿಗೆ ತಿಳಿಸಿದೆವು. ಅವನಿಗೆ ಆ ಹೊತ್ತಿಗೆ ಹಸಿವು. ಆದಕಾರಣ ಮಾಲೂರಿನ ಮಾತು ಇಷ್ಟಕ್ಕೇ ಮುಗಿಯಿತು.

ಕೋಲಾರದಲ್ಲಿ ನಮ್ಮ ಪರಿಚಿತರೊಬ್ಬರ ಮನೆಯಲ್ಲಿ ಮುದ್ದೆ, ಬಸ್ಸಾರು. ಬಸ್ಸಾರಿನ ಮರ್ಮವನ್ನು ಪಟ್ಟಣದಲ್ಲಿ ಬೆಳೆದ ಹೆಣ್ಣುಮಕ್ಕಳಿಗಾಗಿ ಇಲ್ಲಿ ಹೇಳಬೇಕು. ಸೊಪ್ಪನ್ನೂ ಕಾಳನ್ನೂ ಕೂಡಿಸಿ ಬೇಯಿಸಿ, ಆ ನೀರನ್ನು ಬಸಿದುಕೊಂಡು, ಅದಕ್ಕೆ ಖಾರ ರುಬ್ಬಿ ಹಾಕಿ ಕುದಿಸಿದರೆ ಅದು ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಅದು ಪಲ್ಯ. ಒಂದೇ ಪಾತ್ರೆ, ಒಂದೇ ಸೌದೆ, ಎರಡು ಪದಾರ್ಥ. ಬೇಯಿಸಿದ ನೀರೂ ವ್ಯರ್ಥವಿಲ್ಲ. ಬರವನ್ನು ಬಲ್ಲವರು ಕಂಡುಹಿಡಿದ ಅಡುಗೆ. ಜೊತೆಗೆ ಹುರಿದ ಕಡಲೆಕಾಯಿಬೀಜ, ಹಸಿಮೆಣಸು ಕುಟ್ಟಿದ ಊರುಬಿಂಡಿ. ಅಳಿಯನು ಮುದ್ದೆಯನ್ನು ಅಗಿಯದೆ ನುಂಗಿದುದನ್ನು ಕಂಡು ಮನೆಯೊಡತಿಗೆ ಸಂತೋಷವಾಯಿತು. ಬಾಳೆಲೆ ಹಾಸಿ ಎಲ್ಲರೂ ಕೂಡಿ ಕೈಯಲ್ಲಿ ಉಣ್ಣುವ ಪದ್ಧತಿ ಫಿಲಿಪೈನ್ಸಿನಲ್ಲಿಯೂ ಉಂಟೆಂದು ಅವನು ಹೇಳಿದನು.

ಆ ದೇಶಕ್ಕೂ ನಮ್ಮ ಅನ್ನಕ್ಕೂ ಒಂದು ನಂಟಿದೆ. ಅಲ್ಲಿಯ ಲಾಸ್ ಬಾನ್ಯೋಸ್ ಎಂಬಲ್ಲಿ 1960ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಅಕ್ಕಿ ಸಂಶೋಧನಾ ಸಂಸ್ಥೆಯೇ 1966ರಲ್ಲಿ ‘ಐಆರ್-8’ ಎಂಬ ಭತ್ತವನ್ನು ಜಗತ್ತಿಗೆ ಕೊಟ್ಟಿತು. ರಾಗಿಗೆ ಮಾತ್ರ ಹೊರಗಿನವರು ಬರಲಿಲ್ಲ. ನಮ್ಮ ಮಂಡ್ಯದ ಲಕ್ಷ್ಮಣಯ್ಯನವರೇ ಭಾರತದ ತಳಿಯನ್ನೂ ಆಫ್ರಿಕದ ತಳಿಯನ್ನೂ ಬೆರೆಸಿ ‘ಇಂಡಾಫ್’ ರಾಗಿಗಳನ್ನು ಬೆಳೆಸಿದರು. ಅವರ ಹೆಸರು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ಎರಡನೆಯ ದಿನ ನಸುಕಿನಲ್ಲಿ ಮುಳಬಾಗಿಲು. ಮೂಡಲ ಬಾಗಿಲು ಎಂಬುದೇ ಹೀಗಾಯಿತೆಂದು ಹೇಳುವರು. ತಿರುಪತಿಯ ಯಾತ್ರಿಕರು ಇಲ್ಲಿಯ ಆಂಜನೇಯನಿಗೆ ಕೈಮುಗಿದು ಮುಂದೆ ಸಾಗುವುದು ವಾಡಿಕೆ. ಡಿ.ವಿ.ಜಿ. ಅವರು 1887ರಲ್ಲಿ ಹುಟ್ಟಿದ ಊರು. ಆದರೆ ಈಗಿನ ತರುಣರಿಗೆ ಮುಳಬಾಗಿಲು ಎಂದರೆ ದೋಸೆ! ಬೆಂಗಳೂರಿನ ಬೀದಿಬೀದಿಗಳಲ್ಲಿ ಆ ಹೆಸರಿನ ಫಲಕ ತೂಗುತ್ತಿದೆ. ಇಲ್ಲಿಯ ದೋಸೆ ಕಾಗದದಂತೆ ತೆಳ್ಳಗಿರುವುದಿಲ್ಲ. ದಪ್ಪನಾದ ಕಾವಲಿಯ ಮೇಲೆ ಸಣ್ಣದಾಗಿ, ದಪ್ಪವಾಗಿ ಹೊಯ್ದು, ಧಾರಾಳವಾಗಿ ತುಪ್ಪ ಬಿಟ್ಟು, ಕೆಂಪು ಚಟ್ನಿ ಸವರಿ, ನಡುವೆ ಆಲೂಗಡ್ಡೆಯ ಪಲ್ಯವಿಡುವರು. ಹೊರಗೆ ಗರಿ, ಒಳಗೆ ಮೆದು. ಆ ಮೆಣಸಿನಕಾಯಿಯೂ ಆಲೂಗಡ್ಡೆಯೂ ಅಮೆರಿಕ ಖಂಡದಿಂದ ಬಂದವು. ನಾಲ್ಕೈದು ಶತಮಾನಗಳ ಹಿಂದೆ ನಮ್ಮವರು ಅವುಗಳ ಮುಖವನ್ನೇ ಕಂಡಿರಲಿಲ್ಲ. ಹಾಗಿದ್ದೂ ಇಂದು ಅವಿಲ್ಲದೆ ಮಡಿಯ ಅಡುಗೆಮನೆಯೂ ನಡೆಯದು.

ನಾವು ತಂಗಿದ್ದ ಮನೆಯಲ್ಲಿ ಸ್ನಾನ, ಲಿಂಗಪೂಜೆ ಮುಗಿಸಿ ದೋಸೆಯಂಗಡಿಗೆ ಹೊರಡಬೇಕೆಂದಿದ್ದೆವು. ಅಳಿಯನನ್ನು ಪೂಜೆಗೆ ಕರೆದಾಗ ಅವನು ಬಾಗಿಲಲ್ಲಿಯೇ ನಿಂತನು. ಕೊರಳಲ್ಲಿ ಕರಡಿಗೆ ಇರಲಿಲ್ಲ.

“ಅಮ್ಮನ ದೇವರ ಕೋಣೆಯಲ್ಲಿದೆ ಮಾವ. ಮೂರು ವರ್ಷದ ಹಿಂದೆ ಬಂದಾಗಲೇ ಇಟ್ಟುಹೋದೆ. ಅಮ್ಮನಿಗೂ ಗೊತ್ತಿಲ್ಲ” ಎಂದನು. ಆಮೇಲೆ ಹೇಳಿದುದು ಹೀಗೆ. 2021ರ ಡಿಸೆಂಬರಿನಲ್ಲಿ ಅವನು ಬೋಹೋಲ್ ಎಂಬ ದ್ವೀಪಕ್ಕೆ ಹೋಗಿದ್ದಾಗ ಭಯಂಕರವಾದ ಚಂಡಮಾರುತ ಬಡಿಯಿತು. ಅಲ್ಲಿಯವರು ಅದನ್ನು ‘ಒಡೆಟ್’ ಎಂದು ಕರೆದರು. ವಿದ್ಯುತ್ತು, ದೂರವಾಣಿ, ದೋಣಿ ಎಲ್ಲವೂ ನಿಂತವು. ಮಾಡು ಹಾರಿಹೋದ ಒಂದು ಬೆಸ್ತರ ಮನೆಯವರು ಇವನನ್ನು ಒಳಗೆ ಕರೆದುಕೊಂಡರು. ಆ ದೇಶದಲ್ಲಿ ಉಣ್ಣುತ್ತಿರುವವರು ಕಣ್ಣಿಗೆ ಬಿದ್ದ ಅಪರಿಚಿತನನ್ನೂ ಊಟಕ್ಕೆ ಕರೆಯದೆ ಬಿಡುವುದಿಲ್ಲ. ‘ಕಾಇನ್ ತಾಯೋ’, ಬನ್ನಿ ಉಣ್ಣೋಣ, ಎಂಬುದು ಮನಿಲಾದ ನುಡಿ. ಆ ಬೆಸ್ತನೂ ತನ್ನ ಭಾಷೆಯಲ್ಲಿ ಹಾಗೆಯೇ ಕರೆದನು. ಮೊದಲ ದಿನ ಇವನು ಬರಿಯ ಅನ್ನ ಉಂಡನು. ಎರಡನೆಯ ದಿನ ಅನ್ನವೂ ತೀರಿತು. ಒಲೆಯ ಮೇಲೆ ಇದ್ದುದು ಮೀನಿನ ಸಾರೊಂದೇ. ಮನೆಯ ಮಕ್ಕಳ ಪಾಲಿನಿಂದ ತೆಗೆದು ಇವನಿಗೆ ಬಡಿಸಿದರು. ಇವನು ಉಂಡನು.

“ಆಮೇಲೆ ಲಿಂಗ ಮುಟ್ಟಲು ಕೈ ಬರಲಿಲ್ಲ ಮಾವ. ನಿಮ್ಮಂಥವರ ಮುಂದೆ ಹೇಳುವ ಧೈರ್ಯವೂ ಆಗಲಿಲ್ಲ.”

ಓದುಗರೇ, ನಲವತ್ತು ವರ್ಷಗಳಿಗೂ ಮಿಕ್ಕಿ ಶಾಸ್ತ್ರಪಾಠ ಹೇಳಿದ ನಮಗೆ ಆ ಕ್ಷಣ ಉತ್ತರ ಹೊಳೆಯಲಿಲ್ಲ. ಮೀನು ನಮಗೆ ಸಲ್ಲದು. ಅದನ್ನು ಸಲ್ಲುವುದೆಂದು ಹೇಳಲು ನಾವು ಸಿದ್ಧರಿಲ್ಲ. ಹಾಗೆಂದು ಆ ಹುಡುಗನನ್ನು ಗದರಿಸಲು ನಾಲಗೆ ಏಳಲಿಲ್ಲ. ಅದಕ್ಕೆ ಕಾರಣವಿತ್ತು. “ದೋಸೆ ತಿನ್ನು ನಡೆ. ನಾಳೆ ನಿನಗೆ ಒಂದು ಊರು ತೋರಿಸುತ್ತೇವೆ” ಎಂದಷ್ಟೇ ಹೇಳಿದೆವು. ದೋಸೆ ರುಚಿಯಾಗಿಯೇ ಇತ್ತು. ಇಬ್ಬರೂ ಹೆಚ್ಚು ತಿನ್ನಲಿಲ್ಲ.

ಮೂರನೆಯ ದಿನ ಶ್ರೀನಿವಾಸಪುರ. ಹಿಂದೆ ಪಾಪನಪಳ್ಳಿ ಎಂದಿದ್ದ ಊರಿಗೆ ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರನ್ನಿಟ್ಟರು. ದಾರಿಯ ಎರಡು ಕಡೆಗೂ ಮಾವಿನ ತೋಪು: ಬಾದಾಮಿ, ರಸಪುರಿ, ಮಲ್ಲಿಕಾ, ನೀಲಂ, ಎಲ್ಲಕ್ಕಿಂತ ಹೆಚ್ಚಾಗಿ ತೋತಾಪುರಿ. ಫಿಲಿಪೈನ್ಸಿನವರಿಗೆ ಮಾವು ರಾಷ್ಟ್ರೀಯ ಫಲವಂತೆ. ಅವರ ಹೆಸರಾಂತ ತಳಿಗೆ ಎಮ್ಮೆಯ ಹೆಸರನ್ನಿಟ್ಟು ‘ಕಾರಬಾವ್’ ಎನ್ನುವರಂತೆ. ಅಳಿಯನು ರಸಪುರಿಯನ್ನು ಹಿಂಡಿ ಹೀರಿ, “ಇದು ಅದಕ್ಕಿಂತ ಮೇಲು” ಎಂದನು. ಮಾವನ ಮುಖ ನೋಡಿ ಹೇಳಿದನೋ ಏನೋ! ಆದರೆ ತೋಪಿನವರ ಮುಖದಲ್ಲಿ ಸಂತಸವಿರಲಿಲ್ಲ. ತೋತಾಪುರಿಯು ಬಹುಪಾಲು ತಿರುಳು ತೆಗೆಯುವ ಕಾರ್ಖಾನೆಗಳಿಗೆ ಹೋಗುವ ಹಣ್ಣು. ಅಂಥ ಕಾರ್ಖಾನೆಗಳು ಹೆಚ್ಚಾಗಿರುವುದು ಗಡಿಯಾಚೆಯ ಚಿತ್ತೂರಿನಲ್ಲಿ. ಅದೇ ಜೂನ್ ಮೊದಲಿಗೆ ಅಲ್ಲಿಯ ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿಗೆ ತಡೆ ಹಾಕಿತ್ತು. ಬೆಲೆ ನೆಲಕಚ್ಚಿತ್ತು. ಒಬ್ಬ ರೈತರು, “ಕೀಳುವ ಕೂಲಿಯೂ ಹುಟ್ಟುವುದಿಲ್ಲ, ನಿಮಗೆ ಬೇಕಾದಷ್ಟು ತುಂಬಿಕೊಳ್ಳಿ ಸ್ವಾಮಿ” ಎಂದು ಚೀಲವನ್ನೇ ಕೊಟ್ಟರು. ಹಣ ಕೊಡಹೋದರೆ ನೊಂದುಕೊಂಡರು.

ಅಲ್ಲಿಂದ ಒಳದಾರಿ ಹಿಡಿದು ಆ ಊರಿಗೆ ಹೋದೆವು. ಊರಿನ ಹೆಸರು ಬೇಡ.

1977ರ ಬೇಸಿಗೆ. ನಾವು ಮಠದ ವಿದ್ಯಾರ್ಥಿ, ಹದಿನೇಳರ ಪ್ರಾಯ. ಮಠದ ದಾಸೋಹಕ್ಕೆ ರಾಗಿ ಕೂಡಿಸಲು ಗಾಡಿ ಕಟ್ಟಿಕೊಂಡು ಈ ಸೀಮೆಗೆ ಬಂದಿದ್ದೆವು. ಜೊತೆಯವರಿಂದ ತಪ್ಪಿಸಿಕೊಂಡು ನಡುಹಗಲಿನಲ್ಲಿ ಒಬ್ಬಂಟಿಯಾಗಿ ಈ ಊರ ಹೊರಗೇರಿಗೆ ಬಂದೆವು. ಕೆರೆ ಬತ್ತಿತ್ತು, ಬಾಯಿ ಒಣಗಿತ್ತು. ಗುಡಿಸಲಿನ ಮುಂದೆ ಕುಳಿತಿದ್ದ ತಾಯಿಯೊಬ್ಬರು ನಮ್ಮ ಮುಖ ನೋಡಿ ಕೇಳದೆಯೇ ಒಳಗಿನಿಂದ ಅಂಬಲಿ ತಂದರು. ಮಜ್ಜಿಗೆ ಬೆರೆಸಿದ್ದು, ಮೇಲೊಂದು ಈರುಳ್ಳಿ. ನಾವು ಕುಲ ಕೇಳಿದೆವು. ಅವರು ಹೇಳಿದರು. “ಇಂದು ನಮಗೆ ವ್ರತ” ಎಂದು ಸುಳ್ಳು ಹೇಳಿ ಮುಂದೆ ನಡೆದೆವು. ಕೆರೆಯ ಏರಿಯ ಮೇಲೆ ಕಣ್ಣುಕತ್ತಲೆಯಿಟ್ಟು ಕುಸಿದೆವು. ಎಚ್ಚರವಾದಾಗ ಹುಣಸೆಮರದ ನೆರಳಿನಲ್ಲಿ ಅದೇ ಪಾತ್ರೆ ಇತ್ತು. ಆ ತಾಯಿ ಇಪ್ಪತ್ತು ಮಾರು ದೂರದಲ್ಲಿ ನಿಂತು, “ಕುಡೀರಿ ಬುದ್ಧಿ, ನಾನು ಆ ಕಡೆ ತಿರುಗಿರ್ತೀನಿ” ಎಂದರು. ತಿರುಗಿಯೂ ನಿಂತರು. ನಾವು ಕುಡಿದೆವು. ಪಾತ್ರೆಯನ್ನು ಅಲ್ಲಿಯೇ ಬಿಟ್ಟು, ಒಂದು ಮಾತೂ ಆಡದೆ ಹೊರಟುಬಂದೆವು.

ಮಠಕ್ಕೆ ಬಂದು ಗುರುಗಳ ಮುಂದೆ ಪ್ರಾಯಶ್ಚಿತ್ತ ಬೇಡಿದೆವು. ಅವರು ನಮ್ಮನ್ನು ದೀರ್ಘವಾಗಿ ನೋಡಿ, “ಆ ತಾಯಿಯ ಹೆಸರೇನು?” ಎಂದರು. ನಮಗೆ ಗೊತ್ತಿರಲಿಲ್ಲ. “ಕುಲ ಕೇಳಿದೆ, ಹೆಸರು ಕೇಳಲಿಲ್ಲವೆ? ಹೋಗಿ ಹೆಸರು ಕೇಳಿಕೊಂಡು ಬಾ. ಅದೇ ಪ್ರಾಯಶ್ಚಿತ್ತ” ಎಂದರು. ನಾವು ಹೋಗಲಿಲ್ಲ. ಮೊದಲು ನಾಚಿಕೆ, ಆಮೇಲೆ ಪರೀಕ್ಷೆ, ಆಮೇಲೆ ಪಾಠ, ಪ್ರವಚನ. ಗುರುಗಳು ಲಿಂಗೈಕ್ಯರಾದರು. ಬಸವಣ್ಣನವರ ದಾಸೋಹತತ್ತ್ವವನ್ನು ಕುರಿತು ಊರೂರುಗಳಲ್ಲಿ ಉಪನ್ಯಾಸ ಮಾಡಿದೆವು. ಈ ಊರಿಗೆ ಮಾತ್ರ ಬರಲಿಲ್ಲ. ಇದನ್ನೆಲ್ಲ ಅಳಿಯನಿಗೆ ಅದೇ ಕೆರೆಯ ಏರಿಯ ಮೇಲೆ ಕುಳಿತು ಹೇಳಿದೆವು. “ನೀನು ಅನ್ನ ಕೊಟ್ಟವರ ಮನೆಯಲ್ಲಿ ಕೂತು, ಅವರ ಮುಖ ನೋಡಿ ಉಂಡೆ. ನಾವು ಬೆನ್ನು ತಿರುಗಿಸಿ ನಿಲ್ಲಿಸಿ ಉಂಡೆವು. ಆಮೇಲೆಯೂ ನಾವು ಕರಡಿಗೆ ತೆಗೆದಿಡಲಿಲ್ಲ” ಎಂದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, “ಆ ಬೆಸ್ತರ ಹೆಸರು ನನಗೆ ಗೊತ್ತು ಮಾವ. ಮಕ್ಕಳ ಹೆಸರೂ ಗೊತ್ತು” ಎಂದನು.

ಗುಡಿಸಲು ಇರಲಿಲ್ಲ. ಆ ಜಾಗದಲ್ಲಿ ತಾರಸಿಯ ಚಿಕ್ಕ ಮನೆ. ಹುಣಸೆಮರ ಇತ್ತು. ಹೊರಗೇರಿಯ ಹಿರಿಯರೊಬ್ಬರು ನಮ್ಮ ವಿವರಣೆ ಕೇಳಿ, “ಹಾಗೆ ಕರೆದು ಕೊಡೋಳು ನಮ್ಮತ್ತೇನೇ ಇರಬೇಕು” ಎಂದರು. ಆ ತಾಯಿ ತೀರಿಹೋಗಿ ಇಪ್ಪತ್ತು ವರ್ಷಗಳಾಗಿದ್ದುವು. ಮೊಮ್ಮಗನ ಹೆಂಡತಿ ಮನೆಯಲ್ಲಿದ್ದಳು. ನಾವು ಬಂದ ಕಾರಣವನ್ನು ಹೇಗೋ ತೊದಲಿ ಹೇಳಿದೆವು. ಅವಳಿಗೆ ಅದು ದೊಡ್ಡ ಸಂಗತಿಯಾಗಿ ತೋರಲಿಲ್ಲ. “ಊಟದ ಹೊತ್ತು, ಮುದ್ದೆ ಇಕ್ಕಿದೀನಿ, ಹುರುಳಿಕಾಳು ಸಾರು. ಉಣ್ತೀರಾ, ಹೇಗೆ?” ಎಂದು ಅನುಮಾನದಿಂದಲೇ ಕೇಳಿದಳು.

ಅವರ ಹಜಾರದಲ್ಲಿ ಕುಳಿತು ಲಿಂಗಕ್ಕೆ ತೋರಿ ಉಂಡೆವು. ಇದನ್ನು ಓದಿ ನಮ್ಮ ಓದುಗರಲ್ಲಿ ಕೆಲವರು ಮುನಿದಾರು. ಪತ್ರ ಬರೆಯಲಿ, ಉತ್ತರಿಸುತ್ತೇವೆ. ಸಾರಿಗೆ ಖಾರ ತುಸು ಹೆಚ್ಚಾಗಿತ್ತು. ಅಳಿಯನು ಎರಡನೆಯ ಮುದ್ದೆ ಹಾಕಿಸಿಕೊಂಡನು. ರೈತರು ಕೊಟ್ಟ ಮಾವಿನ ಚೀಲವನ್ನು ಆ ಮನೆಯ ಮಕ್ಕಳಿಗೆ ಬಿಟ್ಟೆವು.

ಊರಿಗೆ ಹಿಂದಿರುಗಿದ ಮೇಲೆ ಅಳಿಯನು ತಾಯಿಗೆ ಎಲ್ಲವನ್ನೂ ಹೇಳಿ, ಅವಳ ಜೊತೆಯಲ್ಲಿಯೇ ತಮ್ಮ ಗುರುಮನೆಗೆ ಹೋಗಿಬಂದನು. ಅಲ್ಲಿ ಏನು ನಡೆಯಿತೆಂದು ನಾವು ಕೇಳಲಿಲ್ಲ. ಮನಿಲಾಕ್ಕೆ ಹೊರಟ ದಿನ ಕೊರಳಲ್ಲಿ ಕರಡಿಗೆ ಇತ್ತು. ಮೀನು ಹಾಕದೆ, ಬರಿಯ ಹುಣಸೆ ನುಗ್ಗೆಸೊಪ್ಪಿನಿಂದ ‘ಸಿನಿಗಾಂಗ್’ ಮಾಡಿಕೊಳ್ಳುತ್ತೇನೆಂದು ತಾಯಿಗೆ ಬರೆದಿರುವನಂತೆ.

ಆ ತಾಯಿಯ ಹೆಸರನ್ನು ಮೊಮ್ಮಗನ ಹೆಂಡತಿ ಹೇಳಿದಳು. ಮುಂದಿನ ಸೋಮವಾರ ನಾವು ಮಠಕ್ಕೆ ಹೋಗಿ, ಗುರುಗಳ ಗದ್ದುಗೆಯ ಮುಂದೆ ಅದನ್ನು ಗಟ್ಟಿಯಾಗಿ ಹೇಳಿ ಬಂದೆವು.