ಪುಸ್ತಕಭಂಡಾರವೂ ಫಿಜಿಯೋಥೆರಪಿ ವಿದ್ಯಾರ್ಥಿಗಳೂ

ಪಕ್ಷವಾತದಿಂದ ಕೈಕಾಲುಗಳ ಸ್ವಾಧೀನ ತಪ್ಪಿದವರನ್ನೂ, ಮೂಳೆ ಮುರಿದು ಹಾಸಿಗೆ ಹಿಡಿದವರನ್ನೂ, ಮೊಣಕಾಲಿನ ಸವೆತದಿಂದ ಮೆಟ್ಟಿಲೇರಲಾರದ ವೃದ್ಧರನ್ನೂ ಮತ್ತೆ ನಡೆಯುವಂತೆ ಮಾಡುವ ಭಾರವು ಫಿಜಿಯೋಥೆರಪಿ ಕಲಿತವರ ಮೇಲೆ ಬಿದ್ದಿದೆ. ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗವನ್ನು ಕುರಿತ 2021ರ ಕಾಯಿದೆಯು ಈ ವೃತ್ತಿಗೆ ಶಾಸನದ ಮನ್ನಣೆಯನ್ನಿತ್ತಿತು. ಮನ್ನಣೆಯ ಹಿಂದೆ ಹೊಣೆಯೂ ಬರತಕ್ಕದ್ದೇ. ತಾನು ಕೊಡುವ ಚಿಕಿತ್ಸೆಗೆ ಆಧಾರವೇನೆಂದು ಕೇಳಿದರೆ ಉತ್ತರ ಹೇಳುವ ಶಕ್ತಿಯು ಚಿಕಿತ್ಸಕನಿಗಿರಬೇಕು. ಆ ಶಕ್ತಿಯು ಮೊದಲು ಹುಟ್ಟಬೇಕಾದ ಸ್ಥಳವು ಕಾಲೇಜಿನ ಪುಸ್ತಕಭಂಡಾರ. ಆದರೆ ಈ ವಿಷಯದಲ್ಲಿ ನಮ್ಮವರ ಲಕ್ಷ್ಯವು ಸಾಲದೆಂದು ವಿಷಾದದಿಂದ ಹೇಳಬೇಕಾಗಿದೆ.

ಪಠ್ಯಪುಸ್ತಕವನ್ನು ಚೆನ್ನಾಗಿ ಓದಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ಮೊಣಕಾಲಿನ ಸವೆತಕ್ಕೆ ವ್ಯಾಯಾಮದಿಂದಾಗುವ ಗುಣವನ್ನು ಕೊಕ್ರೇನ್ ಸಂಸ್ಥೆಯ ಪಂಡಿತರು 2015ರಲ್ಲಿ 54 ಪ್ರಯೋಗಗಳನ್ನು ತೂಗಿನೋಡಿ ಎತ್ತಿಹಿಡಿದರು. ಅದೇ ಸಂಸ್ಥೆಯು 2024ರಲ್ಲಿ 139 ಪ್ರಯೋಗಗಳನ್ನು ಪರಿಶೀಲಿಸಿದಾಗ, ಗುಣವು ಉಂಟಾಗುವುದು ಸಂಭವವೇ ಆದರೂ ರೋಗಿಯ ಪಾಲಿಗೆ ಅದು ಎಷ್ಟರ ಮಟ್ಟಿಗೆ ದೊಡ್ಡದೆಂಬುದು ನಿಶ್ಚಯವಿಲ್ಲವೆಂದು ತನ್ನ ಮಾತನ್ನು ಹದಗೊಳಿಸಿತು. ಬಹುಕಾಲದ ಬೆನ್ನುನೋವಿಗೆ ಅಲ್ಟ್ರಾಸೌಂಡ್ ಯಂತ್ರದ ಚಿಕಿತ್ಸೆಯು ಹಿತವೆಂಬುದಕ್ಕೆ ಬಲವಾದ ಆಧಾರವಿಲ್ಲವೆಂದೂ ಅದೇ ಸಂಸ್ಥೆಯ ಸಮೀಕ್ಷೆಯು ತಿಳಿಸಿದೆ. ಇದನ್ನು ಅರಿಯದವನು ದಿನದಿನವೂ ಅದೇ ಯಂತ್ರವನ್ನು ತಿರುಗಿಸುತ್ತ ಹೋಗುವನು. ಬಡ ರೋಗಿಯು ಕೂಲಿ ಬಿಟ್ಟು, ಬಸ್ಸಿನ ದುಡ್ಡು ಕೊಟ್ಟು, ವ್ಯರ್ಥವಾಗಿ ಬಂದುಹೋಗುವನು. ನಷ್ಟವು ಯಾರದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಸಾಮಗ್ರಿಯು ಇಲ್ಲವೆಂಬ ಮಾತು ಪೂರ್ಣ ನಿಜವಲ್ಲ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು ನಡೆಸುವ ಪಬ್‌ಮೆಡ್ ಎಂಬ ಸೂಚಿಯಲ್ಲಿ 3 ಕೋಟಿ 50 ಲಕ್ಷಕ್ಕೂ ಹೆಚ್ಚು ಲೇಖನಗಳ ವಿವರವಿದೆ. ಅದನ್ನು ನೋಡುವುದಕ್ಕೆ ಕಾಸಿನ ಖರ್ಚಿಲ್ಲ. ಆಸ್ಟ್ರೇಲಿಯದವರು 1999ರಲ್ಲಿ ಆರಂಭಿಸಿದ ಪೆಡ್ರೊ ಎಂಬ ಸಂಗ್ರಹವು ಫಿಜಿಯೋಥೆರಪಿಗೆಂದೇ ಮೀಸಲಾದುದು. ಅಲ್ಲಿ ಪ್ರಯೋಗಗಳ ಗುಣಮಟ್ಟಕ್ಕೆ ಹತ್ತಕ್ಕೆ ಇಷ್ಟೆಂದು ಅಂಕವನ್ನೂ ಕೊಟ್ಟಿರುವರು. ಅದೂ ಉಚಿತ. ಹೀಗಿದ್ದೂ, ಅಂಗೈಯಲ್ಲಿ ಬೆಣ್ಣೆಯಿಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಂತೆ, ಪ್ರಬಂಧ ಬರೆಯಬೇಕಾದ ಎಷ್ಟೋ ಮಂದಿ ವಿದ್ಯಾರ್ಥಿಗಳು ಹಿಂದಿನ ವರ್ಷದವರ ಪ್ರಬಂಧವನ್ನೇ ಮುಂದಿಟ್ಟುಕೊಂಡು ಅದರ ಆಧಾರಪಟ್ಟಿಯನ್ನು ನಕಲು ಮಾಡುವರು.

ಇದಕ್ಕೆ ಕಾರಣವು ಸೋಮಾರಿತನವೊಂದೇ ಅಲ್ಲ. ಹುಡುಕುವುದೂ ಒಂದು ವಿದ್ಯೆಯೆಂಬುದನ್ನು ನಾವು ಅವರಿಗೆ ಕಲಿಸಲಿಲ್ಲ. ನಮ್ಮಲ್ಲಿಯೂ ಇಂಗ್ಲೆಂಡಿನಲ್ಲಿಯೂ ಫಿಜಿಯೋಥೆರಪಿ ಎಂದು ಕರೆಯುವುದನ್ನು ಅಮೆರಿಕದವರು ಫಿಜಿಕಲ್ ಥೆರಪಿ ಎನ್ನುವರು. ಒಂದೇ ಹೆಸರನ್ನು ನಂಬಿ ಹುಡುಕಿದವನಿಗೆ ಮತ್ತೊಂದು ಖಂಡದ ಬರಹಗಳೇ ತಪ್ಪಿಹೋಗಬಹುದು. ಭುಜವು ಬಿಗಿದು ತೋಳೆತ್ತಲಾಗದ ವ್ಯಾಧಿಗೆ ಫ್ರೋಜನ್ ಶೋಲ್ಡರ್ ಎಂಬುದು ರೂಢಿಯ ಹೆಸರು, ಅಡ್ಹೀಸಿವ್ ಕ್ಯಾಪ್ಸುಲೈಟಿಸ್ ಎಂಬುದು ವೈದ್ಯರ ಹೆಸರು; ಪಬ್‌ಮೆಡ್ಡಿನ ವಿಷಯಾನುಕ್ರಮದಲ್ಲಾದರೋ ಅದು ಬರ್ಸೈಟಿಸ್ ಎಂಬ ಶೀರ್ಷಿಕೆಯ ಕೆಳಗೆ ಅಡಗಿದೆ. ಆದುದರಿಂದ ವಿದ್ಯಾರ್ಥಿಯು ಮೊದಲು ತನ್ನ ಪ್ರಶ್ನೆಯನ್ನು ನಾಲ್ಕು ಭಾಗ ಮಾಡಿಕೊಳ್ಳಬೇಕು: ರೋಗಿಯು ಯಾರು, ಚಿಕಿತ್ಸೆಯು ಯಾವುದು, ಯಾವುದರೊಡನೆ ಹೋಲಿಕೆ, ಫಲವನ್ನು ಅಳೆಯುವ ಬಗೆಯೇನು. ಬಳಿಕ ಪ್ರತಿಯೊಂದು ಭಾಗಕ್ಕೂ ಇರುವ ಪರ್ಯಾಯ ಪದಗಳನ್ನು ‘ಆರ್’ ಎಂಬುದರಿಂದ ಕೂಡಿಸಿ, ಭಾಗಭಾಗಗಳನ್ನು ‘ಆಂಡ್’ ಎಂಬುದರಿಂದ ಬಿಗಿಯಬೇಕು. ಹುಡುಕಿದ ದಿನವನ್ನೂ ಪದಗಳನ್ನೂ ಬರೆದಿಟ್ಟುಕೊಳ್ಳಬೇಕು. ಇಷ್ಟನ್ನು ಕಲಿಸುವುದಕ್ಕೆ ನಾಲ್ಕಾರು ಗಂಟೆಗಳು ಸಾಕು. ಕಲಿಯದಿದ್ದರೆ ತಿಂಗಳುಗಳು ಹಾಳು.

ಪ್ರಶ್ನೆ ಕೇಳಿದೊಡನೆ ಉತ್ತರ ಬರೆದುಕೊಡುವ ಕೃತಕ ಬುದ್ಧಿಯ ಯಂತ್ರಗಳು ಈಚೆಗೆ ಬಂದಿವೆಯಷ್ಟೆ. ಅವು ಎಲ್ಲಿಯೂ ಪ್ರಕಟವಾಗದ ಲೇಖನಗಳಿಗೆ ಹೆಸರು, ವರ್ಷ, ಪುಟಸಂಖ್ಯೆಗಳನ್ನು ಹೊಂದಿಸಿ ಕೊಡುವುದೂ ಉಂಟು. ಮೂಲವನ್ನು ತೆರೆದು ನೋಡದೆ ಅದನ್ನು ಪ್ರಬಂಧದಲ್ಲಿ ಸೇರಿಸುವುದು ವಿದ್ಯೆಗೂ ರೋಗಿಗೂ ಬಗೆಯುವ ದ್ರೋಹವೇ ಸರಿ.

ಇನ್ನು ಅಧಿಕಾರಿವರ್ಗದವರಿಗೆ ಹೇಳತಕ್ಕ ಮಾತು. ಸೂಚಿಯಲ್ಲಿ ಲೇಖನದ ಹೆಸರು ಸಿಕ್ಕಿದ ಮಾತ್ರಕ್ಕೆ ಲೇಖನವು ಸಿಕ್ಕಿದಂತಲ್ಲ. ಅನೇಕ ಪತ್ರಿಕೆಗಳ ಬಾಗಿಲು ಹಣಕ್ಕಲ್ಲದೆ ತೆರೆಯದು. ಈ ಕಷ್ಟವನ್ನರಿತು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 2003ರಲ್ಲಿ ಹೆಲಿನೆಟ್ ಎಂಬ ಕೂಟವನ್ನು ಕಟ್ಟಿ, ತನ್ನ ಕಾಲೇಜುಗಳು ಒಟ್ಟುಗೂಡಿ ಪತ್ರಿಕೆಗಳನ್ನು ಪಡೆಯುವ ಏರ್ಪಾಡನ್ನು ಮಾಡಿದುದು ಸ್ತುತ್ಯವಾದುದು. ಕೇಂದ್ರ ಮಂತ್ರಿಮಂಡಲವು 2024ನೆಯ ನವೆಂಬರಿನಲ್ಲಿ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಒಪ್ಪಿಗೆಯಿತ್ತು, ಮೂರು ವರ್ಷಗಳಿಗೆಂದು 6,000 ಕೋಟಿ ರೂಪಾಯಿಗಳನ್ನು ತೆಗೆದಿರಿಸಿತು. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಅದರಲ್ಲಿ ಸೇರಿದುವು. ಇದು ಮೆಚ್ಚತಕ್ಕ ಕಾರ್ಯ. ಆದರೆ ಯೋಜನೆಯು ಮಂಜೂರಾದುದು ಸರ್ಕಾರದ ಆಡಳಿತಕ್ಕೊಳಪಟ್ಟ ವಿದ್ಯಾಸಂಸ್ಥೆಗಳಿಗೆ. ನಮ್ಮ ರಾಜ್ಯದ ಫಿಜಿಯೋಥೆರಪಿ ಕಾಲೇಜುಗಳೋ ಬಹುಪಾಲು ಖಾಸಗಿಯವು. ಕೈಗೆ ಬಂದ ತುತ್ತು ಇವರ ಬಾಯಿಗೆ ಬರಲಿಲ್ಲ.

ಶುಲ್ಕ ವಸೂಲು ಮಾಡುವ ಸಂಸ್ಥೆಗಳಿಗೆ ಸಾರ್ವಜನಿಕರ ಹಣವನ್ನೇಕೆ ವೆಚ್ಚ ಮಾಡಬೇಕೆಂಬ ಆಕ್ಷೇಪಣೆಯು ನಿರಾಧಾರವಾದುದಲ್ಲ. ಅಂಥ ಸಂಸ್ಥೆಗಳಿಂದ ನ್ಯಾಯವಾದ ಪಾಲನ್ನು ಧಾರಾಳವಾಗಿ ವಸೂಲು ಮಾಡಲಿ. ಆದರೆ ಮಂಚದ ಮೇಲೆ ಮಲಗಿದ ರೋಗಿಯು, ನೀನು ಕಲಿತುದು ಸರ್ಕಾರಿ ಕಾಲೇಜಿನಲ್ಲಿಯೋ ಖಾಸಗಿಯಲ್ಲಿಯೋ ಎಂದು ಕೇಳಿ ಚಿಕಿತ್ಸೆ ಪಡೆಯುವುದಿಲ್ಲ. ಆತನ ಹಿತದ ದೃಷ್ಟಿಯಿಂದ ಈ ಭೇದವು ಅರ್ಥವಿಲ್ಲದ್ದು.

ಗ್ರಂಥಾಲಯ ಶಾಸ್ತ್ರಕ್ಕೆ ಐದು ಸೂತ್ರಗಳನ್ನು 1931ರಲ್ಲಿಯೇ ವಿಧಿಸಿದ ಎಸ್. ಆರ್. ರಂಗನಾಥನ್ ಅವರು ಓದುಗನ ಕಾಲವನ್ನು ಉಳಿಸುವುದನ್ನು ಅವುಗಳಲ್ಲೊಂದಾಗಿ ಎಣಿಸಿದರು. ಆ ಮಹನೀಯರು ಕಡೆಗಾಲವನ್ನು ಕಳೆದುದು ನಮ್ಮ ಬೆಂಗಳೂರಿನಲ್ಲಿಯೇ. 1962ರಲ್ಲಿ ಅವರು ಸ್ಥಾಪಿಸಿದ ತರಬೇತಿ ಕೇಂದ್ರವೂ ಇಲ್ಲಿಯೇ ಇದೆ. ಇಂಥ ನಾಡಿನಲ್ಲಿ ಗ್ರಂಥಪಾಲನನ್ನು ಬೀರುವಿನ ಬೀಗದ ಕೈ ಕಾಯುವ ಗುಮಾಸ್ತನಂತೆ ನಡೆಯಿಸಿಕೊಳ್ಳುವುದು ನಾಚಿಕೆಗೇಡು. ಅವನನ್ನು ಅಧ್ಯಾಪಕರ ಸಾಲಿನಲ್ಲಿ ಕುಳ್ಳಿರಿಸಿ, ಹುಡುಕುವ ವಿದ್ಯೆಯನ್ನು ಮೊದಲ ವರ್ಷದಿಂದಲೇ ವೇಳಾಪಟ್ಟಿಯಲ್ಲಿ ಸೇರಿಸಬೇಕು. ಇದು ವಿಶ್ವವಿದ್ಯಾಲಯದ ಕೈಯಲ್ಲಿದೆ. ಇದಕ್ಕೆ ಕೋಟಿಗಟ್ಟಲೆ ಹಣವೂ ಬೇಡ. ಪತ್ರಿಕೆಗಳ ಬಾಗಿಲನ್ನು ಎಲ್ಲ ವಿದ್ಯಾರ್ಥಿಗಳಿಗೂ ತೆರೆಯುವುದು ಕೇಂದ್ರ ಸರ್ಕಾರದ ಕೈಯಲ್ಲಿದೆ. 2027ಕ್ಕೆ ಯೋಜನೆಯ ಮೊದಲ ಅವಧಿಯು ಮುಗಿಯುವುದರಿಂದ, ಮುಂದಿನ ಏರ್ಪಾಡನ್ನು ಗೊತ್ತುಮಾಡುವಾಗ ಸಂಬಂಧಪಟ್ಟವರು ಈ ಕೊರತೆಯನ್ನು ನೀಗಿಸುವರೆಂದು ನಂಬುತ್ತೇವೆ.