ಜಾತ್ರೆಗೆ ಬಂದವರು ಪ್ರವಾಸಿಗರಲ್ಲವೇ?

ರಾಯಚೂರು ಜಿಲ್ಲೆ ಮಾನ್ವಿ ತಾಲೂಕಿನ ನೀರಮಾನ್ವಿಯ ಹೆಸರು ಪ್ರವಾಸೋದ್ಯಮದ ಬಣ್ಣಬಣ್ಣದ ಕೈಪಿಡಿಗಳಲ್ಲಿ ಕಾಣಸಿಗುವುದು ಅಪರೂಪ. ಆದರೆ ಅಲ್ಲಿಯ ಯಲ್ಲಮ್ಮನ ಜಾತ್ರೆಗೆ ಸುತ್ತಣ ಹಳ್ಳಿಗಳಿಂದ ಟ್ರ್ಯಾಕ್ಟರು, ಟಂಟಂ, ಬಸ್ಸುಗಳಲ್ಲಿ ಜನ ಬಂದಿಳಿಯುತ್ತಾರೆ. ಬಯಲಿನಲ್ಲೇ ಮೂರು ಕಲ್ಲು ಹೂಡಿ ಅಡುಗೆ ಮಾಡುತ್ತಾರೆ, ದೇವಿಗೆ ಎಡೆ ಹಿಡಿಯುತ್ತಾರೆ, ಮರದ ನೆರಳಿನಲ್ಲಿ ಅಡ್ಡಾಗಿ ದಣಿವಾರಿಸಿಕೊಂಡು ಊರಿಗೆ ಮರಳುತ್ತಾರೆ. ಬಳೆಗಾರನಿಗೆ, ಬೆಂಡು-ಬೆತ್ತಾಸು ಮಾರುವವನಿಗೆ, ಮಿರ್ಚಿ ಕರಿಯುವ ಹೆಂಗಸಿಗೆ ಅಂದು ನಾಲ್ಕು ಕಾಸು ದಕ್ಕುತ್ತದೆ. ಊರು ಬಿಟ್ಟು ಊರಿಗೆ ಬಂದವರು, ಅಲ್ಲಿ ಉಂಡು ಹಣ ಖರ್ಚು ಮಾಡಿದವರು ಇವರು. ಆದರೂ ಯಾವ ಅಧಿಕಾರಿಯ ಬಾಯಲ್ಲೂ ಇವರು ‘ಪ್ರವಾಸಿಗರು’ ಆಗುವುದಿಲ್ಲ, ಬರೀ ‘ಜನ’. ಪ್ರವಾಸಿ ಎಂಬ ಮರ್ಯಾದೆಯ ಪದವನ್ನು ಕೋಣೆ ಕಾದಿರಿಸಿ ಕಾರಿನಲ್ಲಿ ಬರುವವನಿಗಾಗಿ ಎತ್ತಿಡಲಾಗಿದೆ.

ಈ ಪಂಕ್ತಿಭೇದವನ್ನು ಮುಗ್ಧವೆಂದು ತಿಳಿಯಬಾರದು. ವಿಶ್ವಸಂಸ್ಥೆಯು 2002ನೇ ಇಸವಿಯನ್ನು ಅಂತರರಾಷ್ಟ್ರೀಯ ಪರಿಸರ ಪ್ರವಾಸೋದ್ಯಮ ವರ್ಷವೆಂದು ಸಾರಿತು. 2017ರಲ್ಲಿ ‘ಸುಸ್ಥಿರ ಪ್ರವಾಸೋದ್ಯಮ’ಕ್ಕೆ ಮತ್ತೊಂದು ವರ್ಷ ಮೀಸಲಾಯಿತು. ಆ ಎರಡು ವರ್ಷಗಳ ನಡುವೆ ಮತ್ತು ಅನಂತರ, ನಿಸರ್ಗ, ಬುಡಕಟ್ಟು, ಜನಪದ, ಪಾರಂಪರಿಕ ಎಂಬ ಶಬ್ದಗಳೆಲ್ಲ ಒಂದೊಂದಾಗಿ ವ್ಯಾಪಾರದ ಫಲಕಗಳಿಗೆ ಏರಿದವು. ಸೌರದೀಪ ತೂಗುಹಾಕಿ, ಪ್ಲಾಸ್ಟಿಕ್ ಬಾಟಲಿಯ ಬದಲು ತಾಮ್ರದ ಚೊಂಬು ಇಟ್ಟರೆ ರೆಸಾರ್ಟ್ ಸುಸ್ಥಿರವಾಯಿತು. ಸಂಜೆ ಬೆಂಕಿಯ ಸುತ್ತ ಹತ್ತು ಮಂದಿಯನ್ನು ಕುಣಿಸಿದರೆ ಸಂಸ್ಕೃತಿಯೂ ಉಳಿಯಿತು! ಆ ನೆಲ ಯಾರದು, ಬಾವಿಯ ನೀರು ಯಾರದು, ಕುಣಿದವರ ಕೂಲಿ ಎಷ್ಟು, ಬೇಡವೆನ್ನುವ ಅಧಿಕಾರ ಊರಿಗೆ ಉಂಟೇ ಎಂಬ ಪ್ರಶ್ನೆಗಳಿಗೆ ಫಲಕದಲ್ಲಿ ಜಾಗವಿಲ್ಲ.

ಮಲೆನಾಡಿನ ಓದುಗರಿಗೆ ಇದರ ವಿವರಣೆ ಬೇಕಿಲ್ಲ. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಸಾವಿರಾರು ಚಾರಣಿಗರು ಸಾಲುಗಟ್ಟಿದ್ದನ್ನು ನಾಡೆಲ್ಲ ನೋಡಿತು; ಆಮೇಲಷ್ಟೇ ಸರಕಾರಕ್ಕೆ ಮಿತಿಯ ನೆನಪಾಯಿತು. ಆದರೆ ಜನದಟ್ಟಣೆ ಕಣ್ಣಿಗೆ ಕಾಣುವ ಹಾನಿ. ಕಣ್ಣಿಗೆ ಕಾಣದ ಹಾನಿಯ ಪಾಠ ಸಿಗುವುದು ನಾಗರಹೊಳೆಯಲ್ಲಿ.

ಜೇನುಕುರುಬರು, ಬೆಟ್ಟಕುರುಬರು, ಯರವರು ತಲೆಮಾರುಗಳಿಂದ ಬಾಳಿದ ಆ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ ಮೇಲೆ, ಗೆಣಸು ಅಗೆಯುವುದೂ ಜೇನು ಇಳಿಸುವುದೂ ಅಪರಾಧವಾಯಿತು. ಹಾಡಿಗಳನ್ನು ಎತ್ತಂಗಡಿ ಮಾಡಲಾಯಿತು. ಅದೇ ಕಾಡಿನ ಒಳಗೆ, ಮುರ್ಕಲ್‌ನಲ್ಲಿ, 1990ರ ದಶಕದ ನಡುಭಾಗದಲ್ಲಿ ತಾಜ್ ಸಮೂಹದ ಹೋಟೆಲ್ ಸಂಸ್ಥೆಗೆ ವಿಲಾಸಿ ವಸತಿಗೃಹ ನಡೆಸಲು ಸರಕಾರ ಗುತ್ತಿಗೆ ಕೊಟ್ಟಿತು. ಗೆಣಸಿಗೆ ಇಲ್ಲದ ಜಾಗ ಹಾಸಿಗೆಗೆ ಹೇಗೆ ಸಿಕ್ಕಿತು ಎಂದು ಆದಿವಾಸಿಗಳು ಕೇಳಿದರು. ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿ ಬೀದಿಗಿಳಿಯಿತು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. 1997ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್, ಕೇಂದ್ರ ಸರಕಾರದ ಪೂರ್ವಾನುಮತಿಯಿಲ್ಲದೆ ಅರಣ್ಯಭೂಮಿಯನ್ನು ಖಾಸಗಿಯವರಿಗೆ ವಹಿಸಿದ್ದು 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧವೆಂದು ತೀರ್ಪಿತ್ತಿತು. ಹೋಟೆಲ್ ಹೋಯಿತು. ಆದರೆ ಕಾಡಿನ ಮಕ್ಕಳ ಹಕ್ಕು ಬರಲಿಲ್ಲ. 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿಯ ಜೇನುಕುರುಬ ಕುಟುಂಬಗಳು ತಮ್ಮ ಹಳೆಯ ನೆಲಕ್ಕೆ ಮರಳಿ ಗುಡಿಸಲು ಹೂಡಿದಾಗ ಅವರೆದುರು ಅರಣ್ಯ ಸಿಬ್ಬಂದಿ ನಿಂತಿದ್ದರು; ಅತ್ತ ಸಫಾರಿ ವಾಹನಗಳು ಎಂದಿನಂತೆ ಓಡುತ್ತಿದ್ದವು.

ಬಿಳಿಗಿರಿರಂಗನ ಬೆಟ್ಟದ ಕಥೆಯೂ ಬೇರೆಯಲ್ಲ. ವನ್ಯಜೀವಿ ಕಾಯ್ದೆಗೆ 2002ರಲ್ಲಾದ ತಿದ್ದುಪಡಿಯ ನಂತರ ಸೋಲಿಗರ ಕಿರು ಅರಣ್ಯೋತ್ಪನ್ನ ಸಂಗ್ರಹಕ್ಕೆ ತಡೆ ಬಿತ್ತು. ಕ್ಯಾತೇದೇವರಗುಡಿಯಲ್ಲಿದ್ದ ಜಂಗಲ್ ಲಾಡ್ಜಸ್‌ನ ಶಿಬಿರಕ್ಕೆ ಅಂಥ ತಡೆ ಬೀಳಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ದೊರೆತದ್ದು ಇಲಾಖೆಯ ಔದಾರ್ಯದಿಂದಲ್ಲ, ಅವರ ಹೋರಾಟದಿಂದ.

ಇಷ್ಟಕ್ಕೂ ಕಾಡಿನ ಈ ಮಾತು ಕಾಡೇ ಇಲ್ಲದ ನೀರಮಾನ್ವಿಗೇಕೆ? ಮಲೆನಾಡು ತುಂಬಿ ತುಳುಕಿದ ಮೇಲೆ ಬಂಡವಾಳದ ಕಣ್ಣು ಬಯಲುಸೀಮೆಯತ್ತ ಹೊರಳುವುದು ಸಹಜ. ಈಗಾಗಲೇ ಅದು ಹಂಪಿಯವರೆಗೆ ಬಂದು ತನ್ನ ಗುಣವನ್ನು ತೋರಿಸಿದೆ. ಹಂಪಿಯೆದುರಿನ ವಿರೂಪಾಪುರ ಗಡ್ಡೆಯಲ್ಲಿ ರೆಸಾರ್ಟ್‌ಗಳು ಒಂದರ ಮಗ್ಗುಲಲ್ಲಿ ಒಂದು ಎದ್ದವು. ಪಾರಂಪರಿಕ ವಲಯದ ನಿಯಮಗಳನ್ನು ಮೀರಿ ಕಟ್ಟಿದ್ದೆಂದು ಹೈಕೋರ್ಟ್ ಹೇಳಿತು, 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಮಾರ್ಚ್‌ನಲ್ಲಿ ಕಟ್ಟಡಗಳು ನೆಲಕ್ಕುರುಳಿದವು. ಅದಕ್ಕೂ ಮೊದಲು, 2011ರ ಜುಲೈಯಲ್ಲಿ, ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದ 300ಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಲಾಗಿತ್ತು. ಈ ಎರಡನ್ನೂ ‘ಅತಿಕ್ರಮಣ ತೆರವು’ ಎಂಬ ಒಂದೇ ಪದದಿಂದ ಕರೆಯುವುದು ಅನ್ಯಾಯ. ರಜೆಯ ಮೋಜಿಗಾಗಿ ಹೊಳೆಯ ಗಡ್ಡೆಯನ್ನು ಆಕ್ರಮಿಸಿದ ರೆಸಾರ್ಟಿಗೂ, ಯಾತ್ರಿಕರಿಗೆ ತೆಂಗಿನಕಾಯಿ ಮಾರುತ್ತ, ಅನ್ನ ಬಡಿಸುತ್ತ ಆ ಬೀದಿಯನ್ನು ಬಜಾರಾಗಿಯೇ ಉಳಿಸಿದ್ದವರಿಗೂ ವ್ಯತ್ಯಾಸ ಕಾಣದ ಕಣ್ಣಿಗೆ ಪರಂಪರೆ ಎಂದರೆ ಕಲ್ಲು ಮಾತ್ರ.

ಹಂಪಿಯನ್ನು ದಾಟಿದ ತುಂಗಭದ್ರೆಯೇ ಮುಂದೆ ಹರಿದು ಮಾನ್ವಿ ಸೀಮೆಯ ತೆಂಕಣ ಗಡಿಯಾಗುತ್ತಾಳೆ. ಬಡಗಣಕ್ಕೆ, ದೇವದುರ್ಗದ ಆಚೆ, ಕೃಷ್ಣೆ. ಎರಡು ಹೊಳೆಗಳ ನಡುವಿನ ಈ ನೆಲಕ್ಕೆ ಶಾಸನಗಳು ಎಡೆದೊರೆ ನಾಡು ಎಂದವು. ಇಲ್ಲಿಯ ಬಂಡೆಗುಡ್ಡಗಳ ಕಣಶಿಲೆಗೆ ಸುಮಾರು 250 ಕೋಟಿ ವರ್ಷ ವಯಸ್ಸು. ದೇವದುರ್ಗ ತಾಲೂಕಿನಲ್ಲಿ ಕರಡಿಗುಡ್ಡ ಎಂಬ ಊರೇ ಇದೆ. ಈ ಗುಡ್ಡಗಳ ಪೊಟರೆಗಳಲ್ಲಿ ಚಿರತೆ ಇಂದಿಗೂ ಮರಿ ಹಾಕುತ್ತದೆ. ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಸಿಕ್ಕ ಶಾಸನದಲ್ಲಿಯೇ ‘ದೇವಾನಾಂಪ್ರಿಯ’ನ ಪಕ್ಕದಲ್ಲಿ ಅಶೋಕ ಎಂಬ ಹೆಸರು ಮೊದಲ ಬಾರಿಗೆ ಕಂಡದ್ದು, ಅದನ್ನು ಕಂಡವನು ಚಿನ್ನ ಹುಡುಕುತ್ತಿದ್ದ ಎಂಜಿನಿಯರ್. ಮುದಗಲ್ ಬಳಿಯ ಪಿಕ್ಲಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳು ಗೂಳಿಗಳ ಚಿತ್ರಗಳನ್ನು ಬಂಡೆಗಳ ಮೇಲೆ ಬಿಟ್ಟುಹೋಗಿದ್ದಾರೆ. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಈ ಎರಡು ತಾಲೂಕುಗಳವರು. ಮುದಗಲ್ಲಿನ ಮೊಹರಮ್ಮಿನಲ್ಲಿ ಹಿಂದೂಗಳೂ ಹೆಜ್ಜೆ ಹಾಕುತ್ತಾರೆ. ರಾಯಚೂರಿನಲ್ಲಿ ಕಾರಹುಣ್ಣಿಮೆಗೆ ಎತ್ತುಗಳು ಭಾರದ ಕಲ್ಲು ಎಳೆಯುತ್ತವೆ.

ಇಲ್ಲಿ ಪ್ರವಾಸದ ವ್ಯವಹಾರವೂ ಹೊಸತಲ್ಲ. ಕೃಷ್ಣೆಯ ನಡುಗಡ್ಡೆಯಾದ ಕುರುವಪುರದ ಶ್ರೀಪಾದ ಶ್ರೀವಲ್ಲಭರ ಸನ್ನಿಧಿಗೆ ರಾಯಚೂರಿನ ಕಡೆಯಿಂದ ಹೋಗುವವರು ಆತ್ಕೂರಿನ ದಡದಲ್ಲಿ ನೀರಿಗಿಳಿಯಬೇಕು. ಅವರನ್ನು ತಲೆಮಾರುಗಳಿಂದ ದಾಟಿಸಿದ್ದು ಬೆಸ್ತರ ಹರಿಗೋಲು. ಹೊಳೆಯ ಸೆಳವು, ಸುಳಿ, ಬಂಡೆ, ಜಲಾಶಯದಿಂದ ನೀರು ಬಿಟ್ಟಾಗಿನ ರಭಸ, ಇವನ್ನೆಲ್ಲ ಹುಟ್ಟಿನ ತುದಿಯಲ್ಲಿ ಅರಿತವರು ಅವರು. ನಿಸರ್ಗಾಧಾರಿತ ಪ್ರವಾಸೋದ್ಯಮ ಎಂದರೆ ಇದಕ್ಕಿಂತ ಬೇರೆ ಏನು? ಆದರೆ ಹರಿಗೋಲಿನವನಿಗೆ ಜೀವರಕ್ಷಕ ಅಂಗಿಯಿಲ್ಲ, ವಿಮೆಯಿಲ್ಲ. ಈ ಹೊಳೆಯಲ್ಲಿ ಹರಿಗೋಲು ಮಗುಚಿ ಜೀವಗಳು ಹೋದದ್ದೂ ಉಂಟು. ನಾಳೆ ಅದೇ ದಡಕ್ಕೆ ಗುತ್ತಿಗೆದಾರನೊಬ್ಬ ಯಂತ್ರದ ದೋಣಿ ತಂದರೆ ಅದಕ್ಕೆ ಸಹಾಯಧನ ಸಿಗುತ್ತದೆ, ಅಂಬಿಗ ಅವನ ಬಳಿ ದಿನಗೂಲಿಯಾಗುತ್ತಾನೆ.

ಗುಡ್ಡಗಳ ಪಾಡೂ ಹಾಗೆಯೇ. ಬಳ್ಳಾರಿಯ ಸಂಗನಕಲ್ಲು–ಕುಪ್ಪಗಲ್ಲಿನಲ್ಲಿ, ಬಡಿದರೆ ನಾದ ಹೊಮ್ಮಿಸುವ ನವಶಿಲಾಯುಗದ ಬಂಡೆಗಳ ಪಕ್ಕದಲ್ಲೇ ಕಲ್ಲುಗಣಿಯ ಸುತ್ತಿಗೆ ಬಿದ್ದದ್ದು ಎಲ್ಲರಿಗೂ ತಿಳಿದ ಸಂಗತಿ. ರಾಯಚೂರಿನ ಗುಡ್ಡಗಳಿಗೂ ಕ್ರಷರ್‌ನ ಹಲ್ಲು ಹತ್ತಿದೆ. ಗುಡ್ಡವನ್ನು ಜಲ್ಲಿ ಮಾಡಲು ಒಂದು ಕೈಯಿಂದ ಪರವಾನಗಿ ಕೊಟ್ಟು, ಇನ್ನೊಂದು ಕೈಯಿಂದ ‘ನಿಸರ್ಗ ಪ್ರವಾಸ’ದ ಯೋಜನೆ ಬರೆಯುವ ಸರಕಾರಕ್ಕೆ ಎರಡು ಕೈಗಳೂ ಒಂದೇ ಮೈಗೆ ಸೇರಿದ್ದೆಂಬುದು ತಿಳಿಯದೇ?

ಇನ್ನು ಸಂಸ್ಕೃತಿಯ ಮಾತು. ಇಲ್ಲಿ ಚಳವಳಿಯವರೂ ಎಚ್ಚರದಿಂದ ಹೆಜ್ಜೆ ಇಡಬೇಕಾಗಿದೆ. ಯಲ್ಲಮ್ಮನ ಆರಾಧನೆಯಲ್ಲಿ ಚೌಡಿಕೆಯ ಹಾಡು ಇರುವಂತೆಯೇ ಬಡ ದಲಿತ ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಕಟ್ಟಿಸಿದ ಕ್ರೌರ್ಯವೂ ಇದೆ. ದೇವದಾಸಿ ಪದ್ಧತಿ ನಿಷೇಧದ ಕಾಯ್ದೆ ಕರ್ನಾಟಕದಲ್ಲಿ ರೂಪುಗೊಂಡದ್ದು 1982ರಲ್ಲಿ. ಆ ಬಲೆಯಿಂದ ಹೊರಬಂದ ತಾಯಂದಿರು ರಾಯಚೂರು ಜಿಲ್ಲೆಯಲ್ಲಿ ಈಗಲೂ ಮಾಸಾಶನಕ್ಕಾಗಿ, ನಿವೇಶನಕ್ಕಾಗಿ ಕಚೇರಿಗಳಿಗೆ ಅಲೆಯುತ್ತಾರೆ. ಮಲೆನಾಡಿಗೂ ಈ ಗಾಯ ಗೊತ್ತು. ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಬೆತ್ತಲೆ ಸೇವೆಯ ದಿನ ಹರಕೆಯವರಷ್ಟೇ ಅಲ್ಲ, ನೋಡಲೆಂದೇ ಬಂದವರೂ ನೆರೆಯುತ್ತಿದ್ದರು. 1986ರಲ್ಲಿ ಅದನ್ನು ತಡೆಯಹೋದವರ ಮೇಲೆ, ಪೊಲೀಸರ ಮೇಲೂ, ಗುಂಪು ಎರಗಿತು. ಆ ಬಳಿಕವೇ ನಿಷೇಧ ಬಂತು. ಕ್ಯಾಮರಾ ಹಿಡಿದವನಿಗೆ ಬೇಕಾದದ್ದು ‘ಅಪ್ಪಟ’ ಆಚರಣೆ. ಅಪ್ಪಟವಾದದ್ದಕ್ಕೆ ಬೆಲೆ ಬಂದ ದಿನ, ಊರು ಕಷ್ಟಪಟ್ಟು ಕಳಚಿಕೊಂಡದ್ದನ್ನು ಮರಳಿ ತೊಡಿಸಲು ದಲ್ಲಾಳಿಗಳು ಹುಟ್ಟುತ್ತಾರೆ. ಆದ್ದರಿಂದ ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನವನ್ನು ಪ್ಯಾಕೇಜು ಮಾರುವವನ ಕೈಗೂ ಕೊಡಲಾಗದು, ಊರ ಗೌಡರ ಕೈಗೂ ಕೊಡಲಾಗದು. ಆ ಆಚರಣೆಯ ಭಾರ ಹೊತ್ತ ಹೆಂಗಸರು ಇಲ್ಲದ ಸಭೆಗೆ ಆ ಅಧಿಕಾರವಿಲ್ಲ.

‘ಬಡ ಜಿಲ್ಲೆಗೆ ಉದ್ಯೋಗ ಬೇಡವೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತ ಮಾನ್ವಿಯಲ್ಲಿ ವರ್ಷವರ್ಷವೂ ನೀರಿಗಾಗಿ ರಸ್ತೆಗಿಳಿಯುತ್ತಾನೆ. ಸುಗ್ಗಿ ಮುಗಿದ ಮೇಲೆ ಬೀಗ ಜಡಿದ ಮನೆಗಳು ಗುಳೆಯ ಕಥೆ ಹೇಳುತ್ತವೆ. 2012ರ ಸಂವಿಧಾನ ತಿದ್ದುಪಡಿಯಿಂದ 371ಜೆ ವಿಧಿಯ ವಿಶೇಷ ಸ್ಥಾನ ಸಿಕ್ಕಿತು, ಗುಳೆಯ ಬಸ್ಸುಗಳು ನಿಲ್ಲಲಿಲ್ಲ. ಆದರೆ ಹೊಲಕ್ಕೆ ನೀರು ತಲುಪದ ಕಾಲುವೆಯ ತುದಿಯಲ್ಲಿ ಈಜುಕೊಳ ತೋಡಿ, ಅದೇ ಹೊಲದ ಒಡೆಯನನ್ನು ಕಾವಲುಗಾರನ ಅಂಗಿಯಲ್ಲಿ ನಿಲ್ಲಿಸುವುದನ್ನು ಉದ್ಯೋಗ ಎನ್ನುವುದು ಹೇಗೆ?

ಬೇರೆ ದಾರಿ ಇಲ್ಲವೆಂದಲ್ಲ. ಹಂಪಿಯ ಆಚೆ ದಡದ ಆನೆಗೊಂದಿಯಲ್ಲಿ 1997ರಲ್ಲಿ ಆರಂಭವಾದ ಕಿಷ್ಕಿಂಧಾ ಟ್ರಸ್ಟ್, ಊರಿನ ಹೆಂಗಸರಿಗೆ ಬಾಳೆನಾರಿನ ಕಸುಬು ಕಲಿಸಿತು. ಹಳೆಯ ಮನೆಗಳನ್ನೇ ದುರಸ್ತಿ ಮಾಡಿ ಅತಿಥಿಗಳಿಗೆ ತೆರೆಯಿತು. ಎಸೆದುಹೋಗುವ ಬಾಳೆಯ ದಿಂಡಿನಿಂದ ಚೀಲ, ಬುಟ್ಟಿ, ಕೂಲಿ. ಅದೊಂದೇ ಮಾದರಿ ಎಂದೋ, ಅಲ್ಲಿ ಕೊರತೆಗಳೇ ಇಲ್ಲವೆಂದೋ ಹೇಳಬೇಕಾಗಿಲ್ಲ. ಹೊಸ ಗೋಡೆ ಎಬ್ಬಿಸುವ ಮೊದಲು ಇರುವ ಗೋಡೆಯತ್ತ ನೋಡಿತಲ್ಲ, ಅಷ್ಟು ಸಾಕು.

ನೀರಮಾನ್ವಿಯಂಥ ಊರಿಗೆ ಕಾನೂನಿನ ಆಸರೆಯೂ ತೆಳುವಾಗಿದೆ. ಮಾನ್ವಿ, ದೇವದುರ್ಗ ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಹಾಗಿದ್ದೂ ಕರ್ನಾಟಕದಲ್ಲಿ ಐದನೇ ಅನುಸೂಚಿಯ ಪ್ರದೇಶವೆಂದು ಒಂದು ಊರನ್ನೂ ಘೋಷಿಸಿಲ್ಲವಾದ್ದರಿಂದ, ಆದಿವಾಸಿ ಗ್ರಾಮಸಭೆಗಳಿಗೆ 1996ರ ಪೆಸಾ ಕಾಯ್ದೆ ಕೊಟ್ಟ ಬಲ ಇಲ್ಲಿಯ ಬೇಡ ನಾಯಕರಿಗೂ ಇಲ್ಲ, ನಾಗರಹೊಳೆಯ ಜೇನುಕುರುಬರಿಗೂ ಇಲ್ಲ. ಉಳಿದದ್ದು ರಾಜ್ಯದ ಪಂಚಾಯತ್‌ರಾಜ್ ಕಾಯ್ದೆಯ ಗ್ರಾಮಸಭೆ, 2002ರ ಜೀವವೈವಿಧ್ಯ ಕಾಯ್ದೆಯ ಸಮಿತಿ. ಸಮಿತಿ ಬಹಳ ಕಡೆ ಕಾಗದದ ಮೇಲಿದೆ. ಗ್ರಾಮಸಭೆ ಫಲಾನುಭವಿಗಳ ಪಟ್ಟಿ ಓದಿ ಚಹಾ ಕುಡಿದು ಏಳುತ್ತದೆ. ಈ ಎರಡನ್ನೂ ಎಬ್ಬಿಸಿ ಕೂರಿಸುವ ಕೆಲಸ ಯೋಜನೆ ಬರುವುದಕ್ಕೆ ಮೊದಲೇ ಆಗಬೇಕು. ಊರಿನ ಗುಡ್ಡ, ಕೆರೆ, ಗೋಮಾಳ, ಗುಡಿಯ ಬಯಲು, ಹೊಳೆಯ ದಡ ಇವುಗಳ ಪಟ್ಟಿ ಸಭೆಯ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ಊರ ಒಪ್ಪಿಗೆಯಿಲ್ಲದೆ ಇವನ್ನು ಗುತ್ತಿಗೆಗೆ ಕೊಡಕೂಡದೆಂಬ ಠರಾವು ಆಗಲಿ.

ಸರಕಾರಕ್ಕೆ ನಿಜವಾಗಿಯೂ ಹಣ ಹಾಕುವ ಮನಸ್ಸಿದ್ದರೆ ಜಾತ್ರೆಯ ಬಯಲಿನಲ್ಲಿ ಹೆಂಗಸರಿಗೆ ಶೌಚಾಲಯ, ಕುಡಿಯುವ ನೀರಿನ ನಳ, ಎಲೆ-ತಟ್ಟೆ-ಪ್ಲಾಸ್ಟಿಕ್ ಎತ್ತುವವರಿಗೆ ಕೈಗವಸು ಮತ್ತು ನಿಗದಿತ ಕೂಲಿ, ಆತ್ಕೂರಿನ ಅಂಬಿಗರಿಗೆ ಜೀವರಕ್ಷಕ ಅಂಗಿ ಹಾಗೂ ವಿಮೆ, ಇಷ್ಟರಿಂದ ಆರಂಭಿಸಬಹುದು. ಮಲೆನಾಡಿನ ಕಾಲೇಜುಗಳಿಂದ ಪ್ರತಿ ಡಿಸೆಂಬರಿನಲ್ಲಿ ಹಂಪಿಗೆ ಶೈಕ್ಷಣಿಕ ಪ್ರವಾಸದ ಬಸ್ಸುಗಳು ಹೊರಡುತ್ತವೆ. ಅವುಗಳಲ್ಲಿ ಒಂದೆರಡಾದರೂ ಈ ಸಲ ಹಂಪಿಗೇ ನಿಲ್ಲದೆ ಮಸ್ಕಿಯ ಬಂಡೆಯವರೆಗೆ, ಮಾನ್ವಿಯವರೆಗೆ ಬರಲಿ. ಊಟಕ್ಕೆ ಯಾವುದಾದರೂ ಮಹಿಳಾ ಸ್ವಸಹಾಯ ಸಂಘಕ್ಕೆ ಮುಂಚೆಯೇ ಹೇಳಿ, ಜೋಳದ ರೊಟ್ಟಿ ಪುಂಡಿಪಲ್ಯಕ್ಕೆ ಅವರು ಕೇಳಿದಷ್ಟು ಬೆಲೆಯನ್ನು ಚೌಕಾಸಿಯಿಲ್ಲದೆ ಕೊಡಲಿ. ರೊಟ್ಟಿ ಬಡಿದವರ ಹೆಸರುಗಳನ್ನೂ ಬಂಡೆ-ಶಾಸನಗಳ ವಿವರದ ಜೊತೆಗೆ ಪ್ರವಾಸದ ವರದಿಯಲ್ಲಿ ಬರೆದುಕೊಳ್ಳಲಿ.