ಸಮುದ್ರದ ಪಾಲು

ಕೃಷ್ಣೆಗೆ ನೆರೆ ಬಂದಾಗಲೆಲ್ಲ ಒಂದು ವಾಕ್ಯ ತಪ್ಪದೆ ಅಚ್ಚಾಗುತ್ತದೆ: ಇಷ್ಟು ಟಿಎಂಸಿ ನೀರು ಸಮುದ್ರದ ಪಾಲಾಗಿ ವ್ಯರ್ಥವಾಯಿತು. ಆಲಮಟ್ಟಿಯ ಎತ್ತರದ ವಿಷಯದಲ್ಲಿ ಹಾವು ಮುಂಗುಸಿಗಳಂತಿರುವ ಕನ್ನಡ, ತೆಲುಗು ಪತ್ರಿಕೆಗಳು ಈ ವಾಕ್ಯದ ವಿಷಯದಲ್ಲಿ ಮಾತ್ರ ಅಣ್ಣತಮ್ಮಂದಿರು. ನಮ್ಮೂರಿನಿಂದ ಹರಿದುಬಂದ ನದಿಯನ್ನು ಅದರ ಕೊನೆಯಲ್ಲಿ ನಿಂತು ನೋಡುತ್ತಿರುವ ಹೊರನಾಡ ಕನ್ನಡಿಗರಾದ ನಾವು ಇದನ್ನು ಒಪ್ಪಲಾರೆವು.

ಬಂಗಾಳಿಗಳ ಇಲಿಷ್ ಮೀನಿಗೆ ಗೋದಾವರಿಯ ದಡದಲ್ಲಿ ಪುಲಸ ಎಂಬ ಹೆಸರು. ತಾಳಿ ಮಾರಿಯಾದರೂ ಅದನ್ನು ತಿನ್ನಬೇಕೆಂದು ತೆಲುಗರ ಗಾದೆ. (ಅದರ ಮರಿಗಳ ಬಗ್ಗೆ ಯಾವ ಗಾದೆಯೂ ನಮ್ಮ ಕಿವಿಗೆ ಬಿದ್ದಿಲ್ಲ.) ಕಡಲಲ್ಲಿ ಬೆಳೆದ ಈ ಮೀನು ಮುಂಗಾರಿನ ಕೆಂಪು ನೀರು ಇಳಿದಾಗ ನದಿಯನ್ನೇರಿ ಸಿಹಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಕೆಲವು ತಿಂಗಳು ನದಿಯಲ್ಲಿಯೇ ಮೇದು, ಗೇಣುದ್ದವಾಗುವ ಮೊದಲೇ ಕಡಲಿನತ್ತ ಇಳಿಯತೊಡಗುತ್ತವೆ. ಇಳಿಯಲು ನದಿ ಹರಿಯುತ್ತಿರಬೇಕು, ಅಷ್ಟೆ.

ಕೃಷ್ಣೆ ಹರಿಯುತ್ತಿದೆಯೆ? ಬೆಜವಾಡದಲ್ಲಿ 1855ರಲ್ಲಿ ಮುಗಿದ ಅಣೆ 1952ರಲ್ಲಿ ಒಡೆಯಿತು. 1957ರಲ್ಲಿ ಪ್ರಕಾಶಂ ಬ್ಯಾರೇಜು ಎದ್ದಿತು. ಅಣೆಗಳಲ್ಲಿ ಮೀನಿಗೆ ದಾರಿ ಬಿಡಬೇಕೆಂದು ಫ್ರಾನ್ಸಿಸ್ ಡೇ 1873ರ ತಮ್ಮ ವರದಿಯಲ್ಲೇ ಬರೆದಿದ್ದರು. ಕಾವೇರಿಯ ಇಲಿಷ್ 1934ರ ಮೆಟ್ಟೂರು ಜಲಾಶಯದ ನಂತರ ಕ್ಷೀಣಿಸಿದ್ದು ಕಣ್ಣೆದುರಿನ ಪಾಠ. ಐಯುಸಿಎನ್ ಪಟ್ಟಿಯಲ್ಲಿ ಈ ಮೀನು ಅಪಾಯದಂಚಿನದ್ದಲ್ಲ ಎಂದು ವಾದಿಸುವವರಿದ್ದಾರೆ. ನಿಜ. ಆದರೆ ಆ ಪಟ್ಟಿ ಎಣಿಸುವುದು ಇಡೀ ಜಾತಿಯನ್ನು. ಮೇಘನಾ ನದಿಯ ಸಮೃದ್ಧಿಯಿಂದ ಕೃಷ್ಣೆಯ ಬಡತನ ನೀಗದು.

ಬಚಾವತ್ ನ್ಯಾಯಮಂಡಳಿ ಹಂಚಿದ್ದು 2060 ಟಿಎಂಸಿ: ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800. ಕೂಡಿಸಿ ನೋಡಿ, ಒಂದು ಹನಿಯೂ ಉಳಿಯುವುದಿಲ್ಲ. ಸಮುದ್ರದ ಪಾಲಾಯಿತೆಂದು ಮರುಗುತ್ತೇವಲ್ಲ, ಸಮುದ್ರಕ್ಕೆ ಪಾಲು ಕೊಟ್ಟವರು ಯಾರು?

ಇನ್ನು ತಪ್ಪನ್ನೆಲ್ಲ ಬೆಸ್ತರ ಬಲೆಗೆ ಹೊರಿಸುವ ಜಾಣತನ. ಏಪ್ರಿಲ್ 15ರಿಂದ 61 ದಿನ ವಿಶಾಖಪಟ್ಟಣದ ಬಂದರಿನಲ್ಲಿ ಯಾಂತ್ರಿಕ ದೋಣಿಗಳು ಲಂಗರು ಹಾಕಿ ನಿಲ್ಲುತ್ತವೆ. ಆ ಮನೆಗಳ ಒಲೆಗೆ ಅದರ ಬಿಸಿ ಗೊತ್ತು. ವಿಜಯವಾಡದ ಗೇಟುಗಳು ಇಂತಹ ಯಾವ ವ್ರತವನ್ನು ಹಿಡಿದಿವೆ? ಮಳೆಗಾಲದಲ್ಲಿ ಹುಟ್ಟಿದ ಮರಿ ಇಳಿಯಬೇಕಾದ ತಿಂಗಳುಗಳಲ್ಲೇ ಬ್ಯಾರೇಜಿನ ಕೆಳಗೆ ಮರಳು ತೇಲುತ್ತದೆ. ನಮಗಿಂತ ಬಡದೇಶವೆಂದು ನಾವು ಭಾವಿಸಿದ್ದ ಬಾಂಗ್ಲಾದೇಶ ನವೆಂಬರಿನಿಂದ ಜೂನ್‌ವರೆಗೆ 25 ಸೆಂಟಿಮೀಟರಿಗಿಂತ ಚಿಕ್ಕ ಇಲಿಷ್ ಹಿಡಿಯುವುದನ್ನು ನಿಷೇಧಿಸಿದೆ; ಬಲೆ ಮಡಚಿಟ್ಟ ಬೆಸ್ತರ ಕುಟುಂಬಗಳಿಗೆ ಅಕ್ಕಿ ಕೊಡುತ್ತದೆ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಚಳಿಗಾಲದಿಂದ ಬೇಸಿಗೆಯವರೆಗೆ ಬ್ಯಾರೇಜಿನಿಂದ ನಿತ್ಯವೂ ಒಂದಿಷ್ಟು ನೀರು ಕೆಳಗಿಳಿಯಲಿ. ಆ ಹೊರೆಯನ್ನು ಮೇಲಿನ ರಾಜ್ಯಗಳೂ, ಕರ್ನಾಟಕವನ್ನೂ ಸೇರಿಸಿ, ಹಂಚಿಕೊಳ್ಳಲಿ. ಅಳಿವೆಯಲ್ಲಿ ಸಣ್ಣ ಕಣ್ಣಿನ ಬಲೆ ಆ ತಿಂಗಳುಗಳಲ್ಲಿ ಇಳಿಯದಿರಲಿ, ಬಲೆ ಬಿಟ್ಟವನಿಗೆ ಪರಿಹಾರ ಸಿಗಲಿ. ರೈತನ ನೀರನ್ನು ಮೀನಿಗೆ ಕೊಡುತ್ತೀರಾ ಎಂಬ ಕೂಗು ಏಳುವುದು ಖಂಡಿತ. ಹಾಗೆ ಕೂಗುವವರು ಹಂಸಲದೀವಿಯ ಸುತ್ತಿನ ರೈತರನ್ನು ಒಮ್ಮೆ ಕೇಳಲಿ: ನದಿ ಇಳಿಯದ ವರ್ಷ ಅವರ ಹೊಲದತ್ತ ಏರಿ ಬರುವುದು ಉಪ್ಪುನೀರು.